ಅಪ್‌ಡೇಟ್: ತಲೆಗೆ ಪೆಟ್ಟಾದ ಅಣ್ಣನ ಸಹಿ ನಿಲ್ಲುತ್ತದೆಯೇ?

ತಲೆಗೆ ಪೆಟ್ಟಾಗಿ ಚೇತರಿಸಿಕೊಂಡ ಅಣ್ಣ ವಿರಾಜಪೇಟೆ ಕಡೆಯ ಕಾಫಿ ತೋಟವನ್ನು ಐದು ವರ್ಷಕ್ಕೆ ಗುತ್ತಿಗೆ ಕೊಡಬಹುದೇ, ನಾಳೆ ಯಾರಾದರೂ ಆ ಸಹಿಯನ್ನು ಪ್ರಶ್ನಿಸಿದರೆ ಏನು ಗತಿ ಅಂತ ಕೇಳಿದ್ದೆ. ನೋಂದಣಿ ಮುಗಿಯಿತು.

1872ರ ಕರಾರು ಕಾಯ್ದೆಯ 12ನೇ ಕಲಂ ನೋಡುವುದು ಕರಾರು ಮಾಡುವ ಹೊತ್ತನ್ನು: ಪತ್ರ ಅರ್ಥವಾಗಬೇಕು, ಅದರಿಂದ ತನಗೇನು ಲಾಭನಷ್ಟ ಎಂದು ತೂಗಲು ಬರಬೇಕು. ಹಾಗಾಗಿ ಹಳೆಯ ಡಿಸ್ಚಾರ್ಜ್ ಚೀಟಿ ಸಾಲದು. ಮೊದಲು ಸಿಕ್ಕ ಪ್ರಮಾಣಪತ್ರದಲ್ಲಿ ‘ಆರೋಗ್ಯ ಸ್ಥಿರ’ ಎಂದಷ್ಟೇ ಇತ್ತು, ಅದು ಬಿ.ಪಿ.ಗೆ ಸರಿ, ಕರಾರಿಗಲ್ಲ. ಆಮೇಲೆ ನರರೋಗ ತಜ್ಞರ ಕೈಗೆ ಕರಡು ಪತ್ರವನ್ನೇ ಕೊಟ್ಟೆವು. ಎಷ್ಟು ಎಕರೆ, ಮೆಣಸಿನ ಫಸಲು ಯಾರಿಗೆ, ಗುತ್ತಿಗೆ ಹಣ ತಪ್ಪಿದರೆ ಏನು ಎಂದು ಕೇಳಿದರು. ಅಣ್ಣ ತನ್ನದೇ ಮಾತಲ್ಲಿ ಕೊಟ್ಟ ಉತ್ತರ, ದಿನಾಂಕ, ಸಮಯ ಎಲ್ಲ ವರದಿಯಲ್ಲಿದೆ. ನೆನಪು, ಯೋಚನಾಶಕ್ತಿ ಅಳೆಯುವ 30 ಅಂಕದ ಮೋಕಾ (MoCA) ಪರೀಕ್ಷೆ ಜೊತೆಗಿರಲಿ, ಆದರೆ ಬರೀ ಅಂಕದಿಂದ ಏನೂ ತೀರ್ಮಾನವಾಗದು. ಮಾತು ತೊದಲುವುದು ಬೇರೆ, ತಿಳಿವಳಿಕೆ ಬೇರೆ.

ಸಹಿ ಬೆಳಿಗ್ಗೆಯೇ ಹಾಕಿಸಿ. ಮಧ್ಯಾಹ್ನದ ಮಾತ್ರೆಗೆ ಮಂಪರು ಬರುತ್ತದೆ. ಸಾಕ್ಷಿಗಳಿಬ್ಬರೂ ಗುತ್ತಿಗೆದಾರನ ಕಡೆಯವರಾಗದಿರಲಿ. ಉಪನೋಂದಣಾಧಿಕಾರಿ ಒಪ್ಪದಿದ್ದರೆ ಕಾರಣ ಬರೆಸಿಕೊಳ್ಳಿ. ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಹಾಕಲು 30 ದಿನ ಮಾತ್ರ.