‘ಬೇಡಿಕೆ ಸೃಷ್ಟಿ’ ಎನ್ನಬಹುದೇ?

ಮಾನ್ಯರೇ,

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಾಬೂನಿನ ಜಾಹೀರಾತು ಬೆಳೆದ ಬಗೆಯನ್ನು ಬರೆಯುತ್ತಿರುವಾಗ ‘ಬೇಡಿಕೆಯನ್ನು ಸೃಷ್ಟಿಸಿತು’ ಎಂಬ ಪ್ರಯೋಗದ ಬಳಿ ತಡೆದು ನಿಂತಿದ್ದೇನೆ. ಅರ್ಥಶಾಸ್ತ್ರದ ಬರಹಗಳಲ್ಲಿ ಇದು ರೂಢಿಯ ಮಾತೇ ಆದರೂ, ಆ ಕಾಲದ ಸಂಗತಿಗಳಿಗೆ ಹಚ್ಚಿ ನೋಡಿದರೆ ಎರಡು ಬೇರೆ ಬೇರೆ ಕೆಲಸಗಳು ಇದೊಂದರಲ್ಲೇ ಕಲಸಿಹೋಗುತ್ತವೆ.

ಮೊದಲನೆಯದು ಸಾಬೂನು ತಯಾರಕ ವಿಲಿಯಂ ಲಿವರ್ ಮಾಡಿದ ಕೆಲಸ. ದಿನಸಿ ಅಂಗಡಿಯವನು ಸಾಬೂನಿನ ಉದ್ದನೆಯ ಗಟ್ಟಿಯಿಂದ ಕತ್ತರಿಸಿ, ತೂಗಿ ಕೊಡುತ್ತಿದ್ದ ದಿನಗಳಲ್ಲಿ ಜನ ಕೇಳುತ್ತಿದ್ದುದು ಬರಿಯ ಸಾಬೂನನ್ನು. ಅದನ್ನು ಯಾರು ತಯಾರಿಸಿದರೆಂಬುದು ಅವರಿಗೆ ಬೇಕಿರಲಿಲ್ಲ. ಲಿವರ್ 1884ರಲ್ಲಿ ‘ಸನ್‌ಲೈಟ್’ ಎಂಬ ಹೆಸರನ್ನು ನೋಂದಾಯಿಸಿ, ಬಿಲ್ಲೆಗಳನ್ನು ಕಾಗದದಲ್ಲಿ ಸುತ್ತಿ ಮಾರಿ, ಆ ಹೆಸರನ್ನು ಎಲ್ಲೆಡೆ ಸಾರಿದ ಮೇಲೆ ಜನ ಹೆಸರು ಹಿಡಿದು ಕೇಳತೊಡಗಿದರು. ‘ಬೇಡು’ ಎಂದರೆ ಬಾಯಿಬಿಟ್ಟು ಕೇಳುವುದಾದ್ದರಿಂದ ಇಲ್ಲಿ ‘ಬೇಡಿಕೆ’ ಬಹಳ ಸೊಗಸಾಗಿ ಒಪ್ಪುತ್ತದೆ. ಒಪ್ಪದಿರುವುದು ‘ಸೃಷ್ಟಿ’, ಏಕೆಂದರೆ ಮೊದಲೇ ಇದ್ದ ಬೇಡಿಕೆ ಒಂದು ಹೆಸರಿನ ಕಡೆಗೆ ತಿರುಗಿತು, ಅಷ್ಟೆ. (ಬ್ರಿಟನ್ನಿನಲ್ಲಿ ಸಾಬೂನಿನ ಮೇಲಿನ ಸುಂಕವೂ ಜಾಹೀರಾತಿನ ಮೇಲಿನ ತೆರಿಗೆಯೂ 1853ರಲ್ಲೇ ರದ್ದಾಗಿದ್ದವು, ಬಳಕೆ ಹೆಚ್ಚಿದ್ದರ ಶ್ರೇಯಸ್ಸನ್ನೆಲ್ಲ ಜಾಹೀರಾತಿಗೆ ಕೊಡುವುದು ನ್ಯಾಯವಲ್ಲ.)

ಎರಡನೆಯದು ಪೇರ್ಸ್ ಸಾಬೂನಿನ ಥಾಮಸ್ ಬ್ಯಾರಟ್ ಮಾಡಿದ್ದು. ಜಾನ್ ಎವರೆಟ್ ಮಿಲೇ 1886ರಲ್ಲಿ ಬರೆದ, ಸಾಬೂನಿನ ಗುಳ್ಳೆಯನ್ನು ನೋಡುತ್ತ ಕುಳಿತ ಹುಡುಗನ ಚಿತ್ರದ ಹಕ್ಕನ್ನು ಕೊಂಡು, ಅದರಲ್ಲಿ ಬಿಲ್ಲೆಯೊಂದನ್ನು ಸೇರಿಸಿ ಅಚ್ಚುಹಾಕಿಸಿದಾಗ, ಆ ಜಾಹೀರಾತು ಕೊಳೆ ತೊಳೆಯುವ ಮಾತನ್ನೇ ಆಡಲಿಲ್ಲ. ಮುದ್ದು ಮಗುವಿನ ಮೇಲಿನ ಅಕ್ಕರೆಯನ್ನೂ ಹೆಸರಾಂತ ಕಲಾವಿದನ ಕೃತಿ ತರುವ ಘನತೆಯನ್ನೂ ಅದು ಒಂದು ಸಾಬೂನಿಗೆ ಗಂಟುಹಾಕಿತು. ಇದನ್ನು ಹೇಳಲು ‘ಬೇಡಿಕೆ’ ಸಾಲದು. ‘ಬಯಕೆ’ ಹತ್ತಿರವೆನಿಸಿದರೂ, ಬಸುರಿಯ ಬಯಕೆ ಎಂಬ ಮಾತಿನಲ್ಲಿರುವಂತೆ ಅದು ಒಳಗಿನಿಂದ ತಾನಾಗಿ ಮೂಡುವಂಥದು. ಮಾರುವವನು ಹೊರಗಿನಿಂದ ಎಬ್ಬಿಸಿದ್ದನ್ನು ಹಾಗೆ ಕರೆಯಲು ಮನಸ್ಸು ಒಪ್ಪುವುದಿಲ್ಲ.

ಪತ್ರಿಕೆಗಳ ‘ಬೇಡಿಕೆ ಕುದುರಿತು’ ಎಂಬ ಮಾತಿನ ಜಾಡಿನಲ್ಲಿ ಲಿವರ್ ‘ಬೇಡಿಕೆ ಕುದುರಿಸಿದ’ ಎಂದು ಬರೆದಿದ್ದೇನೆ. ಬ್ಯಾರಟ್‌ನ ವಿಷಯದಲ್ಲಿ ‘ಆಸೆ ಹಚ್ಚಿದ’, ‘ರುಚಿ ಹತ್ತಿಸಿದ’ ಎಂಬ ಎರಡು ನುಡಿಗಟ್ಟುಗಳ ನಡುವೆ ತೂಗುತ್ತಿದ್ದೇನೆ. ಎರಡನೆಯದರಲ್ಲಿ ಒಮ್ಮೆ ಬಳಸಿ ನೋಡಿದ ಮೇಲಿನ ಸೆಳೆತದ ಅರ್ಥವಿದೆಯೆಂದೂ, ಬರಿಯ ಚಿತ್ರ ನೋಡಿ ಹುಟ್ಟುವ ಆಸೆಗೆ ಅದು ಸಲ್ಲದೆಂದೂ ನನಗನಿಸುತ್ತದೆ. ನಿಮ್ಮ ಕಡೆಯ ಪೇಟೆಮಾತಿನಲ್ಲಿ ಇದಕ್ಕೆ ಬೇರೆ ಪದವಿದ್ದರೆ, ಅದನ್ನು ಬಳಸುವ ಒಂದೆರಡು ವಾಕ್ಯಗಳೊಡನೆ ದಯವಿಟ್ಟು ತಿಳಿಸಿರಿ.