ಸಹಾಯ ಬೇಕು: ಮರುಭೂಮಿ ಕುರಿ, ಮರಿಯ ತೂಕದಿಂದ ತಾಯಿಹಾಲಿನ ಪಾಲು ಬಿಡಿಸುವುದು ಹೇಗೆ?

ಸುಡಾನಿನ ಮರುಭೂಮಿ ಕುರಿಗಳ ದಾಖಲೆ. 90 ದಿನದ ತೂಕಕ್ಕೆ ಆನಿಮಲ್ ಮಾಡೆಲ್ (ವಂಶಾವಳಿ ಹಿಡಿದು ತೂಕದಲ್ಲಿ ವಂಶಗುಣದ ಪಾಲೆಷ್ಟು ಎಂದು ಅಂದಾಜಿಸುವ ಲೆಕ್ಕ) ಹಾಕಿದರೆ ಮರಿಯ ಸ್ವಂತ ವಂಶಗುಣಕ್ಕೂ ತಾಯಿಯ ವಂಶಗುಣಕ್ಕೂ (ಹಾಲು, ಆರೈಕೆಯ ಮೂಲಕ ಮರಿಯ ತೂಕಕ್ಕೆ ಬರುವ ಪಾಲು) ನಡುವಿನ ಸಹಸಂಬಂಧ ವಿಪರೀತ ಋಣಾತ್ಮಕ ಬರುತ್ತಿದೆ. ಇದನ್ನು ನಂಬಲು ಮನಸ್ಸು ಒಪ್ಪುತ್ತಿಲ್ಲ. ಬಹುತೇಕ ತಾಯಿಕುರಿಗಳಿಗೆ ಒಂದೆರಡೇ ಮರಿ, ತಾಯಂದಿರ ಎಳವೆಯ ತೂಕ ಬರೆದೇ ಇಲ್ಲ; ಹಾಗಾಗಿ ಎರಡು ಪಾಲನ್ನು ಬೇರ್ಪಡಿಸುವುದು ಕಷ್ಟ. ಟಗರು ಮತ್ತು ವರ್ಷದ ಜಂಟಿ ಪ್ರಭಾವ (ಒಂದೇ ಟಗರಿನ ಮರಿಗಳು ವರ್ಷದಿಂದ ವರ್ಷಕ್ಕೆ ಬೇರೆ ರೀತಿ ಬೆಳೆಯುವುದು) ಲೆಕ್ಕದಿಂದ ಬಿಟ್ಟುಹೋದರೂ ಹೀಗಾಗುತ್ತದೆ. ಅದನ್ನು ಸೇರಿಸಿದರೆ ಸಾಕೇ, ಅಥವಾ ಸಹವ್ಯತ್ಯಯವನ್ನೇ (ಆ ಎರಡು ವಂಶಗುಣಗಳು ಜೊತೆಯಾಗಿ ಏರಿಳಿಯುವ ಅಳತೆ) ಸೊನ್ನೆಗೆ ಕಟ್ಟಬೇಕೇ?

ಇನ್ನೊಂದು, ಹಾಲಿನ ಅಳತೆ. ಮರಿಯನ್ನು 4 ಗಂಟೆ ಬೇರೆ ಕಟ್ಟಿ, ಕುಡಿಸುವ ಮೊದಲು, ಕುಡಿಸಿದ ಮೇಲೆ ತೂಗುವ ಕ್ರಮ. ನಡುವೆ ಮರಿ ಉಚ್ಚೆ ಹೊಯ್ದರೆ ಅಷ್ಟು ಹಾಲು ಲೆಕ್ಕದಿಂದ ಮಾಯ. ಒಂಟಿಮರಿ ಕೆಚ್ಚಲು ಬರಿದು ಮಾಡದಿದ್ದರೆ ಗೊತ್ತಾಗುವುದು ಮರಿಯ ಹಸಿವೇ ಹೊರತು ಕುರಿಯ ಸಾಮರ್ಥ್ಯವಲ್ಲ. ಉಳಿದ ಹಾಲನ್ನು ಕೈಯಲ್ಲಿ ಕರೆದು ಕೂಡಿಸುವವರು ದಯವಿಟ್ಟು ವಿಧಾನ ಬರೆಯಿರಿ.