ಸ್ಪ್ರಿಂಗ್ ಬೂಟ್: ಹೊರಗಿನ ಫೋಲ್ಡರಿನ ಫೋಟೊಗಳಿಗೆಲ್ಲ 404

ತುಂಗಾತೀರ, ತೀರ್ಥಹಳ್ಳಿ:
ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. ಜಾವಾದ ಸ್ಪ್ರಿಂಗ್ ಬೂಟ್‌ನಲ್ಲಿ ಮಾಡಿದ ನನ್ನ ವೆಬ್‌ಸೈಟಿನ ಅಡಿಕೆ ಎಲೆಚುಕ್ಕಿ ರೋಗದ ಫೋಟೊಗಳು ಜಾರ್ (ಪ್ರೋಗ್ರಾಂ ಫೈಲ್) ಒಳಗಿಲ್ಲ, ಹೊರಗಿನ ಫೋಲ್ಡರಿನಲ್ಲಿವೆ. ಸ್ಟ್ಯಾಟಿಕ್-ಲೊಕೇಶನ್ಸ್ ಪ್ರಾಪರ್ಟಿಗೆ (ಫೈಲ್‌ಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಸೆಟ್ಟಿಂಗ್) ಅದರ ಪಾತ್ ಕೊಟ್ಟಿದ್ದೇನೆ, ಮುಂದೆ 'ಫೈಲ್:' ಕೂಡ ಇದೆ. ಆದರೂ ಪ್ರತಿ ಫೋಟೊಗೂ 404 (ಫೈಲ್ ಸಿಗಲಿಲ್ಲ). ಫೋಲ್ಡರಿನಲ್ಲಿ ಫೋಟೊ ಕಣ್ಣಿಗೆ ಕಾಣ್ತಾ ಇದೆ ಮಾರಾಯ್ರೆ!

ಸಾಗರ_ಜಾವಾ:
ಪಾತ್ ಕೊನೆಗೆ ಸ್ಲ್ಯಾಶ್ ಬಿಟ್ಟಿದ್ದೀರಿ. ಅದಿಲ್ಲದಿದ್ದರೆ ಕೊನೆಯ ಫೋಲ್ಡರಿನ ಹೆಸರು ಉದುರಿಹೋಗಿ, ಮೇಲಿನ ಫೋಲ್ಡರಿನಲ್ಲಿ ಹುಡುಕುತ್ತದೆ.

ತುಂಗಾತೀರ:
ಹಾಕಿದೆ. ಅದೇ 404. ಮುಖಪುಟವೂ ಬರುತ್ತಿಲ್ಲ, ಹೇಳಲು ಮರೆತೆ.

ಸಾಗರ_ಜಾವಾ:
'ಫೈಲ್:' ಆದಮೇಲೆ ಮೂರು ಸ್ಲ್ಯಾಶ್ ಹಾಕಿ ನೋಡಿ. ಇದು ಸ್ಲ್ಯಾಶ್‌ದೇ ತೊಂದರೆ.

ಕೊಪ್ಪ_ಪೈ:
ಸ್ಲ್ಯಾಶ್ ಬಿಡಿ ಸರ್. ಪ್ರಾಪರ್ಟಿಯಲ್ಲಿ ಕೊಟ್ಟರೆ ಕೊನೆಯ ಸ್ಲ್ಯಾಶನ್ನು ಬೂಟ್ ತಾನೇ ಸೇರಿಸುತ್ತದೆ. ಮುಖಪುಟ ಹೋದದ್ದು ಬೇರೆ ಕಾರಣಕ್ಕೆ: ಈ ಪ್ರಾಪರ್ಟಿ ಡೀಫಾಲ್ಟ್ ಜಾಗಗಳ ಜೊತೆ ಸೇರುವುದಿಲ್ಲ, ಅವುಗಳ ಬದಲಿಗೆ ಕೂರುತ್ತದೆ. ಮೊದಲು 'ಕ್ಲಾಸ್‌ಪಾತ್:/ಸ್ಟ್ಯಾಟಿಕ್/' (ಜಾರ್ ಒಳಗಿನ ಫೋಲ್ಡರ್), ಕಾಮಾ, ಆಮೇಲೆ 'ಫೈಲ್:' ಪಾತ್ ಬರೆಯಿರಿ. ಬೂಟ್ ಆವೃತ್ತಿ ಯಾವುದು? 2.4ಕ್ಕಿಂತ ಮೊದಲು ಪ್ರಾಪರ್ಟಿ ಹೆಸರಿನಲ್ಲಿ 'ವೆಬ್' ಇರಲಿಲ್ಲ. ಫೋಲ್ಡರ್ ಯಾವ ಡಿಸ್ಕಿನಲ್ಲಿದೆ? ಜಾರ್ ಯಾವ ಯೂಸರ್ ಹೆಸರಲ್ಲಿ ಓಡುತ್ತಿದೆ?

ಆಗುಂಬೆ_ಮಳೆ:
ಎಂಜಿನ್‌ಎಕ್ಸ್ (ಬೇರೆ ವೆಬ್ ಸರ್ವರ್) ಹಾಕಿ, ಫೋಟೊ ಕೊಡುವ ಕೆಲಸ ಜಾವಾದ್ದಲ್ಲ. ನಮ್ಮಲ್ಲಿ ರಾಸ್‌ಬೆರಿ ಪೈ 5 (ಪುಟ್ಟ ಕಂಪ್ಯೂಟರ್), 1 ಟಿಬಿ ಎನ್‌ವಿಎಂಇ ಡಿಸ್ಕ್, 12 ವೋಲ್ಟ್ ಬ್ಯಾಟರಿ. ಜುಲೈ ಮಳೆಯಲ್ಲೂ ನಿಂತಿಲ್ಲ.

ಕೊಪ್ಪ_ಪೈ:
ಯೂಸರ್‌ಗೆ ಓದುವ ಹಕ್ಕಿಲ್ಲದಿದ್ದರೆ ಎಂಜಿನ್‌ಎಕ್ಸ್ ಕೂಡ ಓದುವುದಿಲ್ಲ. ಬ್ಯಾಟರಿ ವಿಷಯ ಇಲ್ಲಿ ಬೇಡ.

ತುಂಗಾತೀರ:
ಬೂಟ್ 3.2, ಪೈ 4. ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನ ಯುಎಸ್‌ಬಿ ಡಿಸ್ಕ್, ಡೆಸ್ಕ್‌ಟಾಪ್ ತಾನೇ ಮೌಂಟ್ ಮಾಡಿದ್ದು (ಫೋಲ್ಡರಿಗೆ ಜೋಡಿಸಿದ್ದು): /ಮೀಡಿಯಾ/ಪೈ/ಅಡಿಕೆ. ಕೈಯಾರೆ ಜಾರ್ ಓಡಿಸಿದರೆ ಫೋಟೊ ಬರುತ್ತವೆ. ಪೈ ಶುರುವಾದಾಗ ತಾನೇ ಏಳುವ ಸಿಸ್ಟಮ್‌ಡಿ ಸರ್ವಿಸ್ ಆಗಿ 'ತೋಟ' ಯೂಸರ್‌ನಲ್ಲಿ ಓಡಿಸಿದರೆ ಮಾತ್ರ ಇಲ್ಲ.

ಕೊಪ್ಪ_ಪೈ:
ಇದನ್ನು ಮೊದಲೇ ಹೇಳಬೇಕಿತ್ತು. /ಮೀಡಿಯಾ/ಪೈ ಒಳಗೆ ಹೋಗುವ ಹಕ್ಕು ರೂಟ್ ಮತ್ತು ಪೈ ಯೂಸರ್‌ಗೆ ಮಾತ್ರ. ಫೈಲ್ ಓದಲಾಗದಿದ್ದರೆ ಸ್ಪ್ರಿಂಗ್ 403 (ಅನುಮತಿ ಇಲ್ಲ) ಕೊಡುವುದಿಲ್ಲ, ಫೈಲೇ ಇಲ್ಲವೆಂದು 404 ಕೊಡುತ್ತದೆ. ಎಲ್ಲರೂ ದಾರಿ ತಪ್ಪುವುದು ಇಲ್ಲೇ. 'ಸುಡೊ -ಯು ತೋಟ ಎಲ್ಎಸ್ /ಮೀಡಿಯಾ/ಪೈ/ಅಡಿಕೆ' ಕೊಟ್ಟು ನೋಡಿ, ಪರ್ಮಿಶನ್ ಡಿನೈಡ್ ಬರುತ್ತದೆ. ಸಿಎಚ್‌ಮಾಡ್‌ನಿಂದ ಹಕ್ಕು ಬದಲಿಸಲು ಹೋಗಬೇಡಿ, ಎಕ್ಸ್‌ಫ್ಯಾಟ್‌ನಲ್ಲಿ ಲಿನಕ್ಸ್ ಪರ್ಮಿಶನ್ ಉಳಿಯುವುದಿಲ್ಲ. ಮೌಂಟ್ ಆಗುವಾಗಲೇ ಕೊಡಬೇಕು. ಡಿಸ್ಕನ್ನು ಎಫ್‌ಎಸ್‌ಟ್ಯಾಬ್‌ನಲ್ಲಿ (ಮೌಂಟ್‌ಗಳ ಪಟ್ಟಿಯ ಫೈಲ್) ಯುಯುಐಡಿ (ಡಿಸ್ಕಿನ ಗುರುತಿನ ಸಂಖ್ಯೆ) ಹಾಕಿ /ಎಸ್ಆರ್‌ವಿ/ಅಡಿಕೆಗೆ ಮೌಂಟ್ ಮಾಡಿ, ಸ್ಟ್ಯಾಟಿಕ್-ಲೊಕೇಶನ್ಸ್‌ನಲ್ಲೂ ಈ ಹೊಸ ಪಾತ್ ಕೊಡಿ. ಆಪ್ಶನ್: ಯುಐಡಿ=1000 (ಒಡೆಯ ಯೂಸರ್), ಯುಮಾಸ್ಕ್=0022 (ಉಳಿದವರು ಓದಬಹುದು, ಬರೆಯುವಂತಿಲ್ಲ), ನೋಫೇಲ್ (ಡಿಸ್ಕ್ ಇಲ್ಲದಿದ್ದರೂ ಪೈ ಏಳಲಿ). 1000 ಪೈ ಯೂಸರ್ ಎಂದು 'ಐಡಿ' ಕೊಟ್ಟು ಖಾತ್ರಿ ಮಾಡಿಕೊಳ್ಳಿ. ಆಗ ಪೈ ಬರೆಯಬಹುದು, ತೋಟ ಓದಬಹುದು. ಸರ್ವಿಸ್ ಫೈಲಿನ ಯೂನಿಟ್ ಭಾಗದಲ್ಲಿ ರಿಕ್ವೈರ್ಸ್‌ಮೌಂಟ್ಸ್‌ಫಾರ್ ಸಾಲು ಸೇರಿಸಿ, /ಎಸ್ಆರ್‌ವಿ/ಅಡಿಕೆ ಪಾತ್ ಕೊಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಡಿಸ್ಕಿಗಿಂತ ಮೊದಲೇ ಸರ್ವಿಸ್ ಎದ್ದು ಖಾಲಿ ಫೋಲ್ಡರ್ ನೋಡುತ್ತದೆ.

ತುಂಗಾತೀರ:
ಬಂತು! ಮುಖಪುಟವೂ ಬಂತು. ಆದರೆ 'ಎಲೆಚುಕ್ಕಿ-1' ಅಂತ ಕನ್ನಡದಲ್ಲಿ ಹೆಸರಿಟ್ಟ ಫೋಟೊಗಳಿಗೆ ಇನ್ನೂ 404. ಕೈಯಾರೆ ಓಡಿಸಿದರೆ ಅವೂ ಬರುತ್ತವೆ.

ಸಾಗರ_ಜಾವಾ:
ಇದು ಸ್ಲ್ಯಾಶ್ ಅಲ್ಲ, ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್). ನಿಮ್ಮ ಟರ್ಮಿನಲ್‌ನಲ್ಲಿ ಯುಟಿಎಫ್-8 (ಕನ್ನಡವೂ ಹಿಡಿಯುವ ಅಕ್ಷರ ಸಂಕೇತ) ಇದೆ, ಸರ್ವಿಸ್‌ಗೆ ಅದು ಸಿಕ್ಕಿಲ್ಲ. ಆಗ ಜೆವಿಎಂ (ಜಾವಾ ಓಡಿಸುವ ಪ್ರೋಗ್ರಾಂ) ಫೈಲ್ ಹೆಸರನ್ನು ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಆಸ್ಕಿ ಎಂದೇ ಹಿಡಿಯುತ್ತದೆ, ಕನ್ನಡ ಅಕ್ಷರ ಕೆಟ್ಟು ಫೈಲ್ ಸಿಗುವುದಿಲ್ಲ. ಫೈಲ್.ಎನ್‌ಕೋಡಿಂಗ್ ಬದಲಿಸಿ ಪ್ರಯೋಜನವಿಲ್ಲ, ಅದು ಫೈಲಿನೊಳಗಿನ ಪಠ್ಯಕ್ಕೆ. ಜಾವಾ 18ರಿಂದ ಹೇಗೂ ಯುಟಿಎಫ್-8. ಹೆಸರಿಗೆ ಬೇಕಾದ್ದು ಸನ್.ಜೆಎನ್‌ಯು.ಎನ್‌ಕೋಡಿಂಗ್, ಅದು ಲೊಕೇಲಿನಿಂದ ಬರುತ್ತದೆ. ಸರ್ವಿಸ್ ಫೈಲಿನ ಸರ್ವಿಸ್ ಭಾಗದಲ್ಲಿ ಎನ್ವಿರಾನ್‌ಮೆಂಟ್ ಸಾಲು ಸೇರಿಸಿ, ಎಲ್‌ಸಿ_ಆಲ್‌ಗೆ ಸಿ.ಯುಟಿಎಫ್-8 ಕೊಡಿ. ಡೀಮನ್-ರೀಲೋಡ್ ಮಾಡಿ ರೀಸ್ಟಾರ್ಟ್ ಮಾಡಿ.

ತುಂಗಾತೀರ:
ಕನ್ನಡ ಹೆಸರಿನವೂ ಬಂದವು. ಇಬ್ಬರಿಗೂ ಧನ್ಯವಾದ.

ಆಗುಂಬೆ_ಮಳೆ:
ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಬರೆಯುವ ಮೊದಲು ಇಡುವ ದಾಖಲೆ) ಇಲ್ಲ. ಬರೆಯುವಾಗ ಕರೆಂಟ್ ಹೋದರೆ ಫೋಟೊ ಹಾಳಾಗಬಹುದು. ಡಿಸ್ಕನ್ನು ಲಿನಕ್ಸಿನ ಇಎಕ್ಸ್‌ಟಿ4 ಫಾರ್ಮ್ಯಾಟಿಗೆ ಬದಲಿಸಿ.

ತುಂಗಾತೀರ:
ಅದೇ ಡಿಸ್ಕ್ ವಿಂಡೋಸ್ ಲ್ಯಾಪ್‌ಟಾಪಿಗೂ ಹಾಕಬೇಕಲ್ಲ, ಅದಕ್ಕೇನು ಮಾಡೋದು?